ಮೂರು ಹೊಲಿಗೆ

ಬಟ್ಟೆ ಕತ್ತರಿಸುವ ಮೇಜಿನ ಮೂಲೆಗೆ ಏಳು ವರ್ಷದ ಮಗಳ ಹಣೆ ಬಡಿದು ರಕ್ತ ಸುರಿದಾಗ ದರ್ಜಿಗೆ ಕೈಕಾಲೇ ಆಡಲಿಲ್ಲ. ಕೈಗೆ ಸಿಕ್ಕ ಬಟ್ಟೆಯನ್ನು ಗಾಯಕ್ಕೆ ಸುತ್ತಿ, ಮಗಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ. ಹಿಂದೆ ಹೆಂಡತಿ, ಅವಳ ಹಿಂದೆ ಯಾರೂ ಕರೆಯದಿದ್ದರೂ ಪಕ್ಕದಂಗಡಿಯ ಕ್ಷೌರಿಕ.

ತುರ್ತು ಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರು ಮಾತ್ರ. ಧೈರ್ಯ ಇರೋರು ಹೋಗಿ."

"ನಾನೇ ಹೋಗ್ತೀನಿ. ಇವರು ಸೊಳ್ಳೆ ಕಚ್ಚಿದ್ರೂ ಅಮ್ಮಾ ಅಂತಾರೆ," ಎಂದಳು ಹೆಂಡತಿ.

"ಬೆಳಗಿಂದ ಸಂಜೆವರೆಗೂ ಸೂಜಿ ಜೊತೆ ಸಂಸಾರ ಮಾಡೋನು ಕಣೇ ನಾನು!"

"ಅಣ್ಣನೇ ಹೋಗ್ಲಿ ಬಿಡಿ ಅತ್ತಿಗೆ. ರಕ್ತ ನೋಡೋದು ಅಭ್ಯಾಸ ಆಗೋಗುತ್ತೆ. ನನಗೆ ಆಗಿಲ್ವಾ?" ಎಂದ ಕ್ಷೌರಿಕ.

ಮಗಳು ಅಪ್ಪನ ಕುತ್ತಿಗೆ ಬಿಡದ್ದರಿಂದ ವಾದ ಅಲ್ಲಿಗೇ ಮುಗಿಯಿತು.

ಒಳಗೆ ನರ್ಸಮ್ಮನನ್ನು ಕಂಡದ್ದೇ ದರ್ಜಿ ಮುಖ ತಿರುಗಿಸಿಕೊಂಡ. ನಿನ್ನೆಯಷ್ಟೇ ಅವರಿಗೆ, ಗೌನು ಹೊಲಿದಾಗಿದೆ, ಗುಂಡಿಯೊಂದೇ ಬಾಕಿ ಎಂದು ಫೋನಿನಲ್ಲಿ ಆಣೆ ಮಾಡಿ ಹೇಳಿದ್ದ. ಆ ಗೌನಿನ ನೀಲಿ ಬಟ್ಟೆ ಕತ್ತರಿಯ ಮುಖವನ್ನೇ ಕಾಣದೆ ಈಗ ಮಗಳ ತಲೆಯ ಮೇಲಿತ್ತು. ಡಬ್ಬಿಯಿಂದ ಒಂದು ಮಾಸ್ಕ್ ಎಳೆದು ಕಣ್ಣಿನವರೆಗೂ ಏರಿಸಿಕೊಂಡ. ಬಾಯಿಬಿಟ್ಟರೆ ದನಿ ಗುರುತು ಹಿಡಿದು ಹೊರಗಟ್ಟುತ್ತಾರೆ, ಮಗಳೊಬ್ಬಳೇ ಆಗುತ್ತಾಳೆ.

ನರ್ಸಮ್ಮ ಬಟ್ಟೆ ಬಿಚ್ಚತೊಡಗಿದರು. "ಅಪ್ಪಾ, ಏನಾದ್ರೂ ಮಾತಾಡು! ಇಲ್ಲಾಂದ್ರೆ ನಾನು ಮುಟ್ಟೋಕೆ ಬಿಡಲ್ಲ," ಎಂದಳು ಮಗಳು.

ದರ್ಜಿ ಸುಮ್ಮನೆ ತಲೆಯಾಡಿಸಿದ. ಅವಳು ಅಪ್ಪನ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಗೌನು ಹಾಳಾಗಿ ಹೋಗಲಿ ಅನ್ನಿಸಿತು.

"ಇಲ್ಲೇ ಇದೀನಿ ಪುಟ್ಟಿ. ಇನ್ನೇನು, ಐದೇ ನಿಮಿಷ."

ನರ್ಸಮ್ಮ ಗಕ್ಕನೆ ತಿರುಗಿದರು. ಆ ಐದು ನಿಮಿಷವನ್ನು ಅವರು ಎರಡು ತಿಂಗಳಿಂದ ಕೇಳುತ್ತಿದ್ದರು. ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು, ದರ್ಜಿಯನ್ನು ನೋಡಿದರು.

"ನನ್ನ ಗೌನು!"

"ಬೈರಿ ಮೇಡಂ, ಬೇಕಾದ್ರೆ ಹೊಡೀರಿ. ಹೊರಗೆ ಮಾತ್ರ ಕಳಿಸ್ಬೇಡಿ." ದರ್ಜಿಯ ಕಣ್ಣಲ್ಲಿ ನೀರು ತುಂಬಿತು.

"ಮಗೂಗಿಂತ ಬಟ್ಟೆ ಹೆಚ್ಚೇನ್ರೀ? ಕೈ ಹಿಡ್ಕೊಂಡು ನಿಂತ್ಕೊಳ್ಳಿ," ಎಂದರು ನರ್ಸಮ್ಮ.

ಡಾಕ್ಟರು ಬಂದು ಮೂರು ಹೊಲಿಗೆ ಹಾಕಿದರು. ಮಗಳು ಕಿರುಚಲಿಲ್ಲ, ಅಪ್ಪ ಬೀಳಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ದರ್ಜಿ ಮಾಸ್ಕ್ ಕೆಳಗಿಳಿಸಿದ.

ದಾರ ಕತ್ತರಿಸಿ ತಲೆಯೆತ್ತಿದ ಡಾಕ್ಟರು ಅವನನ್ನೇ ದಿಟ್ಟಿಸಿದರು. "ಓಹೋ, ನೀವಾ? ನನ್ನ ಬೂದು ಪ್ಯಾಂಟು ಏನಾಯ್ತ್ರೀ?"

ದರ್ಜಿ ಮಾಸ್ಕನ್ನು ಮತ್ತೆ ಮೇಲೇರಿಸಿಕೊಂಡ. ಮಗಳೇ ಉತ್ತರ ಕೊಟ್ಟಳು.

"ಅದು ಯಾವಾಗಲೋ ರೆಡಿ ಆಯ್ತು ಡಾಕ್ಟರ್ ಅಂಕಲ್. ಅಪ್ಪ ದಿನಾ ಹಾಕ್ಕೋತಾರಲ್ಲ, ಇದೇ!"

ಡಾಕ್ಟರು ಒಮ್ಮೆ ಕೆಳಗೆ ನೋಡಿ, ನಿಧಾನವಾಗಿ ಕೈಗವಸು ಬಿಚ್ಚಿದರು.

"ಮಗು ಇನ್ನೊಂದು ಗಂಟೆ ಇಲ್ಲೇ ಇರ್ಬೇಕು. ಅವರಮ್ಮನ್ನ ಒಳಗೆ ಕಳಿಸಿ. ನೀವು ಹೊರಗೆ ಹೋಗಿ. ಪ್ಯಾಂಟು ಇಲ್ಲೇ ಇರಲಿ."