ಹಿತ್ತಲಲ್ಲಿ ನಿಂತ ಪಂಚಾಯ್ತಿ ದೀಪ

ಸ್ವಲ್ಪ ಇತ್ತ ಸರಿದು ಕೂತ್ಕೊಳ್ಳಿ, ಗೋಡೆಯಾಚೆ ಕೇಳ್ತದೆ. ಯಾರ ಹತ್ರವೂ ಹೇಳಬೇಡಿ. ಹೇಳಿದರೂ ನನ್ನ ಹೆಸರು ಬೇಡ. ಬೇಲೆಕೇರಿ ಕಡೆಯ ನಮ್ಮೂರಲ್ಲಿ ಏನಾದರೂ ಅದು ನನ್ನ ಕಣ್ಣೆದುರೇ ಆಗ್ತದೆ, ನಾನೇನು ಮಾಡಲಿ?

೧. ಮೀನಿನ ಬುಟ್ಟಿ

ಮೀನು ಇಳಿಸುವ ದಕ್ಕೆಗೆ ಬಂದ ಸೋಲಾರ್ ದೀಪದ ಕಂಬವನ್ನು ಪಂಚಾಯ್ತಿ ಅಧ್ಯಕ್ಷೆ ತನ್ನ ಹಿತ್ತಲಲ್ಲಿ ನಿಲ್ಲಿಸಿಕೊಂಡಳು. ಅವಳು ನನ್ನ ಪಕ್ಕದ ಮನೆಯವಳು. ಒಣಮೀನು ಹರವುತ್ತಾ ಕಂಡವಳು ನಾನೊಬ್ಬಳೇ. ಹೇಳಿದ್ದೂ ಒಬ್ಬಳಿಗೇ, ಮೀನು ಮಾರುವವಳಿಗೆ. ಅವಳು ಬುಟ್ಟಿ ಹೊತ್ತು ಮನೆಮನೆ ತಿರುಗಿದರೆ ಅದು ನನ್ನ ತಪ್ಪೇ? ಮರುದಿನ ನೋಡಿದರೆ ಕಂಬ ದಕ್ಕೆಯಲ್ಲಿ, ಹುಟ್ಟಿದ್ದೇ ಅಲ್ಲಿ ಅನ್ನುವ ಹಾಗೆ.

೨. ಎಮ್ಮೆ

ಉಪಾಧ್ಯಕ್ಷ ಬಿಡಲಿಲ್ಲ. "ಅವಿಶ್ವಾಸ ತಂದು ಕುರ್ಚಿಯಿಂದ ಇಳಿಸುವಾ" ಅಂದ. ಮೆಂಬರುಗಳ ಮನಸ್ಸು ತಿರುಗಬಾರದಂತ ಎಲ್ಲರನ್ನೂ ಟೆಂಪೋದಲ್ಲಿ ಗೋವೆಗೆ ಸಾಗಿಸಿದ. ಒಬ್ಬ ಮೆಂಬರನ ಎಮ್ಮೆ ಹೊರಗಿನವರಿಗೆ ಒದೀತದೆ, ಹೆಂಡತಿ ತವರಿಗೆ ಹೋಗಿದ್ದಳು. ಅವನು ಗೋವೆಯಿಂದ ಫೋನು ಮಾಡಿದ್ದು ಯಾರಿಗೆ? ಅಧ್ಯಕ್ಷೆಗೆ, ಅವಳಿಗೆ ಮಾತ್ರ ಅದು ಒದೀತಿರಲಿಲ್ಲ. "ಬಾಯೀ, ನಾವು ಬರೂ ತನಕ ಸ್ವಲ್ಪ ಹಾಲು ಕರೀರಿ."

ಅವಳು ಎರಡೂ ಹೊತ್ತು ಕರೆದಳು. ಅವಿಶ್ವಾಸದ ಸಭೆಯಲ್ಲಿ ಎಸಿ ಸಾಹೇಬರು ಕೈ ಎಣಿಸಿದಾಗ ಒಂದು ಕೈ ಕಡಿಮೆ. ಎಮ್ಮೆಯವನದು.

೩. ಬೊಟ್ಟು

"ಹಾಗಾದರೆ ಪೊಲೀಸ್ ಕೇಸೇ ಸೈ, ಅಲ್ಲಿ ಕೈ ಎಣಿಸೂದಿಲ್ಲ" ಅಂದ ಉಪಾಧ್ಯಕ್ಷ. ಪೊಲೀಸರು ಬಂದು "ಕಂಡವರು ಯಾರು?" ಅಂದರು. ಇಡೀ ಊರು ನನ್ನ ಮನೆಗೆ ಬೊಟ್ಟು ಮಾಡಿತು. ಕುರ್ಚಿ ಹೋದರೆ ಅವಳು ಮನೆಗೆ ಬರ್ತಾಳೆ, ಕೇಸಾದರೆ ಎಲ್ಲಿಗೆ ಹೋಗ್ತಾಳೆ?

"ಅಜ್ಜೀ, ನೀವು ಕಂಡದ್ದು ಹೌದಾ?"

"ನಂಗೆ ಕಣ್ಣಿಗೆ ಪೊರೆ ಬಂದದೆ ಸಾಹೇಬ್ರೇ."

"ಊರವರಿಗೆ ಕಂಬದ ಬಣ್ಣವೂ ಹೇಳಿದ್ರಂತೆ?"

"ಪೊರೆ ಆಮೇಲೆ ಬಂತು."

ಸೋಮವಾರ ಕಾರವಾರಕ್ಕೆ ಬಂದು ಹೇಳಿಕೆ ಕೊಡಿ ಅಂದು ಹೋದರು.

೪. ಬೇಲಿ

ಭಾನುವಾರ ಅಧ್ಯಕ್ಷೆಯೇ ಬೇಲಿಗೆ ಬಂದಳು. ಬೈತಾಳೆ ಅಂದುಕೊಂಡೆ.

"ಸುಳ್ಳು ಹೇಳೂಕೆ ಹೋಗಬೇಡಿ ಅಕ್ಕಾ" ಅಂದಳು. "ಕಂಡೆ ಅಂದ್ರೆ ನಂಗೆ ನಾಲ್ಕು ದಿನ ಜೈಲು, ವಾಪಸ್ ಬತ್ತೆ. ಕಾಣಲಿಲ್ಲ ಅಂದ್ರೆ ಇನ್ನು ಸಾಯೂ ತನಕ ನಿಮ್ಮ ಒಂದು ಮಾತನ್ನೂ ಈ ಊರಲ್ಲಿ ಯಾರೂ ನಂಬೂದಿಲ್ಲ. ಯಾರ ಶಿಕ್ಷೆ ದೊಡ್ಡದು, ನೀವೇ ನೋಡ್ಕಳಿ."