ವಿಮಾನದಲ್ಲಿ ಹೋದ ತವರು ಸೀರೆ

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಕಲಬುರಗಿ ಕಡೆಯ ನಮ್ಮೂರಿನಿಂದ ಅಣ್ಣನ ಫೋನು ಬಂತು. ನಮ್ಮ ಸೋದರತ್ತೆ ತೀರಿಕೊಂಡಿದ್ದಳು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವವರಿದ್ದರು.

ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನವರು ತಂದ ಸೀರೆ ಉಡಿಸಿಯೇ ಕಳಿಸುತ್ತಾರೆ. ಅತ್ತೆಗೆ ತವರೆಂದು ಉಳಿದವರು ಅಣ್ಣ ಮತ್ತು ನಾನು, ಇಬ್ಬರೇ.

“ಸೀರಿ ನಾ ಇಲ್ಲೇ ತಗೋತೀನಿ. ನೀ ಹೆಂಗರೆ ಮಾಡಿ ಬಾ,” ಎಂದ ಅಣ್ಣ.

ಇಲ್ಲಿ ನನ್ನ ಬುದ್ಧಿಗೆ ರೆಕ್ಕೆ ಮೂಡಿತು. ದೊಡ್ಡನೆಕ್ಕುಂದಿಯ ಬಾಡಿಗೆ ಮನೆಯಲ್ಲಿ ನಿಂತೇ ಮೊಬೈಲ್ ಒತ್ತಿದೆ. ಬೆಂಗಳೂರು ವಿಮಾನ ನಿಲ್ದಾಣದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಚಿಲ್ಲರೆ! ಮಧ್ಯಾಹ್ನದ ವಿಮಾನದಲ್ಲಿ ಸೀಟೂ ಇತ್ತು.

“ಅಣ್ಣಾ, ಸೀರಿ ನಾನೇ ತರ್ತೀನಿ. ರೇಷ್ಮಿದು! ನೀ ಬರೀ ಕೈಲೆ ಹೋಗು. ಒಂದ್ ತಾಸಿನ ದಾರಿ!”

ಹೆಂಡತಿ ಮಹಾದೇವಿ ಒಲೆಯ ಮುಂದಿನಿಂದಲೇ ಕೇಳಿದಳು: “ವಿಮಾನ ನಮ್ಮ ಓಣಿಗೇ ಬರ್ತದೇನ್ರೀ?”

“ನಿನಗ ವಿಮಾನದ ವ್ಯವಹಾರ ತಿಳಿಯಂಗಿಲ್ಲ,” ಎಂದು ಹೊರಟೆ. ನನಗೂ ಅದು ಮೊದಲನೆಯ ವಿಮಾನವೇ.

ಶಿವಾಜಿನಗರದಲ್ಲಿ ಸೀರೆ ಅಂಗಡಿಗಳ ಬಾಗಿಲು ಇನ್ನೂ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕಾದೆ. ಬಾಗಿಲು ತೆರೆದ ಕೂಡಲೇ ಒಳಗೆ ನುಗ್ಗಿ ರೇಷ್ಮೆ ಕೇಳಿದ್ದೇ ತಪ್ಪಾಯಿತು. ಅಂಗಡಿಯವರು ಖುಷಿಯಿಂದ ಧಾರೆ ಸೀರೆಗಳನ್ನೆಲ್ಲ ಹರವಿದರು.

“ಮದುವೆಗಾ ಸಾರ್? ಹುಡುಗಿ ವಯಸ್ಸೆಷ್ಟು?”

“ಎಪ್ಪತ್ತು ದಾಟಿದೆ.”

ಅಂಗಡಿಯವರು ನನ್ನನ್ನೇ ಮೇಲೆ ಕೆಳಗೆ ನೋಡಿದರು! ವಿಷಯ ಹೇಳಿದೆ. ಅವರು ಧಾರೆ ಸೀರೆಗಳನ್ನು ಮಡಚಿಟ್ಟು ಹಸಿರು ಸೀರೆಯೊಂದನ್ನು ಕಟ್ಟಿಕೊಟ್ಟರು.

ಅಲ್ಲಿಂದ ಟ್ಯಾಕ್ಸಿ. ಹೆಬ್ಬಾಳದ ಹತ್ತಿರ ವಾಹನಗಳು ಬೇರುಬಿಟ್ಟು ನಿಂತಿದ್ದವು. “ಸ್ವಲ್ಪ ಬೇಗ ಹೋಗಪ್ಪಾ,” ಎಂದೆ.

“ಹಾರಕ್ಕಾಗಲ್ಲ ಸಾರ್,” ಎಂದ ಡ್ರೈವರ್.

ನಿಲ್ದಾಣದೊಳಗೆ ಸೀರೆಯನ್ನು ಎದೆಗವಚಿಕೊಂಡು ಓಡಿದ ನನ್ನನ್ನು ನೋಡಿ ಮಕ್ಕಳು ನಕ್ಕವು. ಕೊನೆಯವನಾಗಿ ಹತ್ತಿದೆ. ವಿಮಾನ ಮಾತ್ರ ಹೇಳಿದ ಹೊತ್ತಿಗೆ ಹಾರಿ, ಹೇಳಿದ ಹೊತ್ತಿಗೆ ಇಳಿಯಿತು. ಆ ದಿನ ಮಾತು ಉಳಿಸಿಕೊಂಡದ್ದು ಅದೊಂದೇ!

ಇಳಿದವನೇ ಅಣ್ಣನಿಗೆ ಫೋನ್ ಮಾಡಿ ಕೂಗಿದೆ: “ಬಂದೆ! ಕಲಬುರಗಿಯಾಗೇ ಇದೀನಿ!”

“ಹಂಗಾರ ನೀ ಬರೂತನಕ ಹೆಣ ಎತ್ತೂದು ಬ್ಯಾಡ ಅಂತ ಹೇಳ್ತೀನಿ. ಲಗೂನ ಬಾ. ಹೊತ್ತು ಇಳೀಲಿಕ್ಕತ್ತದ.”

ವಿಮಾನದ ವೈಭವವನ್ನು ಅವನಿಗೆ ಇನ್ನಷ್ಟು ವರ್ಣಿಸಿ ಹೊರಗೆ ಬಂದೆ. ಅಷ್ಟರಲ್ಲಿ ಅಲ್ಲಿದ್ದ ನಾಲ್ಕಾರು ಕಾರುಗಳು ಉಳಿದವರನ್ನು ಹತ್ತಿಸಿಕೊಂಡು ಹೋಗಿಬಿಟ್ಟಿದ್ದವು. ನಿಲ್ದಾಣ ಊರಾಚೆ. ಸುತ್ತ ಬಯಲು, ಮೇಲೆ ಆಕಾಶ, ಮಧ್ಯೆ ನಾನು ಮತ್ತು ರೇಷ್ಮೆ ಸೀರೆ!

ಕಾದು ಕಾದು ಒಂದು ಆಟೋ ಸಿಕ್ಕಿತು. ಆಟೋ ಇಳಿದು ಬಸ್ಸು ಹತ್ತಿದೆ. ಅದು ಕೈ ಎತ್ತಿದವರಿಗೆಲ್ಲ ನಿಂತಿತು. ಕಿಟಕಿಯಿಂದ ನೋಡುತ್ತಿದ್ದಂತೆಯೇ ಸೂರ್ಯ ಕೆಂಪಾದ, ತೊಗರಿ ಹೊಲಗಳ ಹಿಂದೆ ಇಳಿದ.

ನಾನು ಅತ್ತೆಯ ಊರು ಮುಟ್ಟಿದಾಗ ಜನ ಮಣ್ಣು ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ಅಣ್ಣ ನನ್ನ ಮುಖ ನೋಡಲಿಲ್ಲ. ಅತ್ತೆಯ ಗಂಡ, ನಮ್ಮ ಮಾವ, ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು.

“ಒಂದ್ ತಾಸು ಅಂದಿದ್ದೆಲ್ಲೋ ಅಳಿಯಾ. ಕಡೀ ತನಕ ತಡದ್ವಿ.”

“ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಒಂದೇ ತಾಸು ಮಾವಾ...”

ಮಾವ ಸೀರೆಯ ಅಂಚನ್ನು ಬೆರಳಿನಿಂದ ಸವರಿದರು.

“ನಿಮ್ಮತ್ತಿ ಏರ್‌ಪೋರ್ಟಿನಾಗ ಮಲಗಿದ್ಲೇನೋ?”

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರದ ಬಗ್ಗೆ ಈಗಲೂ ಯಾರಾದರೂ ಕೇಳಲಿ, ನನ್ನ ಲೆಕ್ಕ ಕರಾರುವಾಕ್ಕು! ಅತ್ತೆ ಮಾತ್ರ ಮನೆಯಲ್ಲಿದ್ದ ಹಳೆಯ ಸೀರೆಯಲ್ಲೇ ಹೋದಳು.