ತೊಟ್ಟಿಗೆ ಬಿದ್ದ ಸಾಕೆ

ಸಾಕೆ ಎಂಬ ನಮ್ಮ ಅಗ್ಗದ ಅಕ್ಕಿಮದ್ಯದಿಂದ ಅರಮನೆಯ ಸುಖ ಪಡೆಯುವ ವಿದ್ಯೆ ಇಡೀ ನಾಗಾವೊಕಾ ಊರಿನಲ್ಲಿ ನನಗೊಬ್ಬನಿಗೇ ಗೊತ್ತೆಂದು ನಂಬಿದ್ದವನು ನಾನು. ದಿನವಿಡೀ ಡಿಪೋದಲ್ಲಿ ಬಸ್ಸುಗಳ ಹೊಟ್ಟೆಯಡಿ ಮಲಗಿ ರಿಪೇರಿ ಮಾಡಿ ಬಂದವನಿಗೆ ಬೇಕಾದದ್ದು ಹೆಸರುವಾಸಿ ಶೀಸೆಯಲ್ಲ, ಹದವಾದ ಬಿಸಿ. ಹದವಾಗಿ ಬೆಚ್ಚಗಾದರೆ ಕಾಗದದ ಡಬ್ಬಿಯ ಸಾಕೆಯೂ ಗಂಟಲಲ್ಲಿ ರೇಷ್ಮೆ!

ಆದರೆ ಒಲೆ ನನ್ನ ಹೆಂಡತಿ ಸುಮಿಎಯ ಸಾಮ್ರಾಜ್ಯ. ಆ ಸಂಜೆ ಅದರ ಮೇಲೆ ಮೀನು ಬೇಯುತ್ತಿತ್ತು, ಕಾಯಬೇಕೆಂದಳು. ಸ್ನಾನದ ತೊಟ್ಟಿಯ ತುಂಬ ಬಿಸಿನೀರು ಹಬೆಯಾಡುತ್ತಿರುವಾಗ ಕಾಯುವವರು ಯಾರು? ದೊಡ್ಡ ಹೂಜಿಗೆ ಇಡೀ ಡಬ್ಬಿ ಬಗ್ಗಿಸಿದೆ. ಮೈಯುಜ್ಜಿ ತೊಳೆದುಕೊಂಡು ತೊಟ್ಟಿಗಿಳಿದೆ. ಹೂಜಿಯನ್ನು ಪಕ್ಕದಲ್ಲಿ ತೇಲಿಬಿಟ್ಟೆ. ಯಾವ ಸೇನಾಧಿಪತಿಗಿತ್ತು ಈ ಭಾಗ್ಯ ಎನ್ನುತ್ತ ಕಾಲು ಚಾಚಿದೆ. ಕಾಲು ತಗುಲಿ ಹೂಜಿ ಗುಳುಗುಳು ಮುಳುಗಿತು.

ನಮ್ಮಲ್ಲಿ ಹೊರಗೆ ಮೈ ತೊಳೆದುಕೊಂಡು ಅದೇ ನೀರಿಗೆ ಮನೆಮಂದಿಯೆಲ್ಲ ಸರದಿಯಲ್ಲಿ ಇಳಿಯಬೇಕು. ಮುಂದಿನ ಸರದಿ ಮಾವ ಟೊಕುಜಿಯವರದು. ಡಾಕ್ಟರ ಮಾತಿಗೆ ಕಟ್ಟುಬಿದ್ದು ಕುಡಿತ ಬಿಟ್ಟವರು ಅವರು. ನೀರು ಬಸಿದರೆ ಸುಮಿಎ ಕಾರಣ ಕೇಳುತ್ತಾಳೆ. ಹಬೆಯಲ್ಲಿ ವಾಸನೆ ತಾನೇ ಹೋದೀತೆಂದು ಎದೆ ಸೆಟೆಸಿ ಹೊರಬಂದೆ.

ಟೀವಿಯಲ್ಲಿ ಸುಮೋ ಕುಸ್ತಿ ನೋಡಿ ಮುಗಿಸಿ ಮಾವ ಒಳಗೆ ಹೋದರು. ಊಟ ಬಡಿಸಿಯಾಯಿತು, ಮಾವನ ಸುಳಿವಿಲ್ಲ. ಬಚ್ಚಲಿನಿಂದ ನಾಟಿಯ ಹಾಡೊಂದು ತೇಲಿಬಂತು. ಹತ್ತು ಸಲ ಕೇಳಿಕೊಂಡರೂ ಒಂದು ಸಾಲು ಹಾಡದ ಮನುಷ್ಯ! ಸುಮಿಎ ಗಾಬರಿಯಿಂದ ಓಡಿದಳು, ಹಿಂದೆ ನಾನು. ಹಬೆಯ ತುಂಬ ಸಾಕೆಯ ವಾಸನೆ, ತೊಟ್ಟಿಯಲ್ಲಿ ಮಾವ ಬೆಂದ ಏಡಿಯಂತೆ ಕೆಂಪಾಗಿ ಕೂತಿದ್ದರು.

"ಅಪ್ಪಾ, ಈ ನೀರು ಕುಡಿದ್ಯಾ?"

"ಇಲ್ಲ ಕಣಮ್ಮಾ. ಡಾಕ್ಟ್ರು ಕುಡೀಬೇಡ ಅಂದಿದಾರೆ. ಮುಳುಗ್ಬೇಡ ಅಂದಿಲ್ವಲ್ಲ."

ಮಾವನನ್ನು ಎತ್ತಿ ಹೊರಗೆ ತಂದು, ಗಾಳಿ ಹಾಕಿ, ತಣ್ಣೀರು ಕುಡಿಸಿದ ಮೇಲೆ ಎಲ್ಲವನ್ನೂ ಒಪ್ಪಿಕೊಂಡೆ. ಸಿಡಿಲಿಗಾಗಿ ತಲೆ ತಗ್ಗಿಸಿ ನಿಂತೆ. ಸಿಡಿಲು ಬೀಳಲಿಲ್ಲ. ನೀರು ವ್ಯರ್ಥವಾಗಬಾರದೆಂದು ಸುಮಿಎ ತಾನೂ ಇಳಿದಳು. ಮರುದಿನ ಪಕ್ಕದ ಮನೆಯಾಕೆ ಅವಳ ನುಣುಪಾದ ಕೆನ್ನೆ ಮುಟ್ಟಿ ನೋಡಿ, ಯಾವ ಕ್ರೀಮು ಹಚ್ಚುತ್ತೀರಿ ಎಂದು ಕೇಳಿದಳಂತೆ.

ಆ ವಾರ ಅಂಗಡಿಯಲ್ಲಿ ನಾನು ಅಳುಕುತ್ತ ಒಂದು ಡಬ್ಬಿ ಬುಟ್ಟಿಗಿಟ್ಟರೆ ಸುಮಿಎ ನಗುತ್ತ ಇನ್ನೊಂದನ್ನು ಸೇರಿಸಿದಳು. ಇಂಥ ಹೆಂಡತಿ ಯಾರಿಗುಂಟು! ಮನೆಗೆ ಬಂದವಳೇ ಎರಡನ್ನೂ ಎತ್ತಿಕೊಂಡು ನೇರ ಬಚ್ಚಲಿಗೆ ಹೋದಳು.

"ನನ್ನ ಪಾಲು?" ಎಂದೆ.

"ಇದೆ ರೀ. ನಾನು ಎದ್ದು ಬಂದ್ಮೇಲೆ ನೀವೂ ಇಳೀರಿ. ಬಾಯಿ ಮಾತ್ರ ಮುಚ್ಕೊಂಡಿರಿ."